ಟೋಕನ್ ಯಾರ ಕೈಯಲ್ಲಿದೆ? ಹ್ಯಾಸ್ಕೆಲ್‌ನಲ್ಲಿ ಲೇಜಿ ಇನ್‌ಪುಟ್ ಮತ್ತು ಥ್ರೆಡ್‌ಗಳನ್ನು ಒಟ್ಟಿಗೆ ನಿಭಾಯಿಸುವುದು

ನನಗೆ ಒಂದು ಪುಟ್ಟ ಪ್ರೋಗ್ರಾಂ ಬೇಕಿತ್ತು. ವೆಬ್ ಸರ್ವರಿನ ಲಾಗ್ ಪೈಪ್‌ನಲ್ಲಿ ಹರಿದು ಬರುತ್ತಿರುತ್ತದೆ, ಅದರ ಸಾಲುಗಳಲ್ಲಿರುವ ಉತ್ತರದ ಕೋಡ್‌ಗಳಲ್ಲಿ 200 (ಸರಿ) ಎಷ್ಟು, 404 (ಪುಟ ಸಿಗಲಿಲ್ಲ) ಎಷ್ಟು, 500 (ಸರ್ವರಿನ ತಪ್ಪು) ಎಷ್ಟು ಅಂತ ಎಣಿಸಬೇಕು, ಐದು ಸೆಕೆಂಡಿಗೊಮ್ಮೆ 500ರ ಲೆಕ್ಕ ತೋರಿಸಬೇಕು, ಲಾಗ್ ಮುಗಿದಾಗ ಎಲ್ಲದರ ಲೆಕ್ಕ ಕೊಡಬೇಕು. ಅಷ್ಟೇ. ಹ್ಯಾಸ್ಕೆಲ್ ಅನ್ನುವ ಫಂಕ್ಷನಲ್ ಭಾಷೆಯಲ್ಲಿ ಇಪ್ಪತ್ತು ಸಾಲಿನ ಕೆಲಸ. ಇನ್‌ಪುಟ್ ಓದುವ ಗೆಟ್‌ಕಂಟೆಂಟ್ಸ್ ಕರೆದೆ, ಬಂದದ್ದನ್ನು ಸಾಲುಗಳಾಗಿ ಒಡೆದೆ, ಒಂದು ಎಂವಾರ್ (ಥ್ರೆಡ್‌ಗಳು ಹಂಚಿಕೊಳ್ಳುವ, ಬೀಗವಿರುವ ಡಬ್ಬಿ) ಒಳಗೆ ಯಾವ ಕೋಡ್ ಎಷ್ಟು ಅನ್ನುವ ಮ್ಯಾಪ್ ಇಟ್ಟೆ, ಫೋರ್ಕ್‌ಐಒ ಹಾಕಿ ಇನ್ನೊಂದು ಥ್ರೆಡ್ (ಜೊತೆಜೊತೆಗೇ ಓಡುವ ಕೆಲಸದ ಎಳೆ) ಹುಟ್ಟಿಸಿ ಅದಕ್ಕೆ ತೋರಿಸುವ ಕೆಲಸ ಕೊಟ್ಟೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗೇ ಓಡಿತು.

ನಿಜವಾದ ಲಾಗ್‌ಗೆ ಸಿಕ್ಕಿಸಿದ ಮೇಲೆ ಮೂರು ಕಾಯಿಲೆ. ಮೆಮೊರಿ ನಿಧಾನವಾಗಿ ಏರುತ್ತಲೇ ಹೋಯಿತು. ತೋರಿಸುವ ಥ್ರೆಡ್ ಆಗಾಗ ಸುಮ್ನೆ ನಿಂತುಬಿಡುತ್ತಿತ್ತು. ಲಾಗ್ ಮುಗಿದಾಗ ಕೊನೆಯ ಲೆಕ್ಕ ಬರುತ್ತಲೇ ಇರಲಿಲ್ಲ. ಒಂದೊಂದಕ್ಕೂ ಕಾರಣ ಬೇರೆ, ಆದರೆ ಮೊದಲ ಎರಡರ ಬೇರು ಒಂದೇ. ಅದನ್ನು ಹಿಡಿಯಲು ನನಗೆ ಎರಡು ರಾತ್ರಿ ಬೇಕಾಯಿತು. ನಿಮಗೆ ಬೇಡ ಅಂತ ಬರೆಯುತ್ತಿದ್ದೇನೆ. ಫಂಕ್ಷನ್‌ಗಳ ಹೆಸರನ್ನು ನಾವು ಬಾಯಲ್ಲಿ ಹೇಳುವ ಹಾಗೇ ಬರೆದಿದ್ದೇನೆ, ಹ್ಯಾಸ್ಕೆಲ್ ಸ್ವಲ್ಪ ಮುಟ್ಟಿದವರಿಗೆ ಗೊತ್ತಾಗುತ್ತದೆ.

ಮೊದಲು ಟೋಕನ್ ವಿಷಯ

ದರ್ಶಿನಿಯಲ್ಲಿ ಕ್ಯಾಷ್ ಕೌಂಟರಿಗೆ ದುಡ್ಡು ಕೊಟ್ಟರೆ ಕೈಗೆ ಬರುವುದು ದೋಸೆಯಲ್ಲ, ಟೋಕನ್. ಅದನ್ನು ಹಿಡಿದು ಅಡುಗೆ ಕೌಂಟರಿನ ಮುಂದೆ ನಿಂತವರಿಗೆ ದೋಸೆ. ಹ್ಯಾಸ್ಕೆಲ್‌ನಲ್ಲಿ ಲೆಕ್ಕಗಳೂ ಹೀಗೇ. ಒಂದು ಫಂಕ್ಷನ್ ಕರೆದರೆ ಮೊದಲು ಸಿಗುವುದು ಟೋಕನ್, ಅಂದರೆ ಥಂಕ್. ಯಾರಾದರೂ ಉತ್ತರ ಬೇಕೇ ಬೇಕು ಅಂದಾಗ ಮಾತ್ರ ಕಾವಲಿ ಮೇಲೆ ಹಿಟ್ಟು ಬೀಳುತ್ತದೆ. ಇದಕ್ಕೇ ಲೇಜಿ ಅನ್ನುವುದು. ಒಮ್ಮೆ ಹುಯ್ದ ಮೇಲೆ ಟೋಕನ್ ಇದ್ದ ಜಾಗದಲ್ಲಿ ದೋಸೆಯೇ ಕೂರುತ್ತದೆ, ಅದೇ ಟೋಕನ್‌ಗೆ ಎರಡನೇ ಸಲ ಹುಯ್ಯುವುದಿಲ್ಲ.

ಪ್ರೋಗ್ರಾಂನಲ್ಲಿ ಒಂದೇ ಥ್ರೆಡ್ ಇದ್ದರೆ ಟೋಕನ್ ಕೊಂಡವರೂ ಅವರೇ, ಕಾಯುವವರೂ ಅವರೇ. ತೊಂದರೆಯಿಲ್ಲ. ಎರಡನೇ ಥ್ರೆಡ್ ಬಂದ ಕೂಡಲೇ ಆಟ ಬದಲಾಗುತ್ತದೆ. ಒಬ್ಬ ಟೋಕನ್ ಕೊಂಡು ಇನ್ನೊಬ್ಬನ ಜೇಬಿಗೆ ಹಾಕಿ ಹೋಗಿಬಿಡಬಹುದು. ಅವನು ಊಟದ ಹೊತ್ತಿಗೆ ಜೇಬಿಗೆ ಕೈ ಹಾಕಿದರೆ ನಾನೂರು ಟೋಕನ್. ಕ್ಯೂ ನಿಲ್ಲುವ ಕೆಲಸವೆಲ್ಲ ಅವನ ತಲೆಗೆ. ಲೇಜಿ ಇರುವುದರಿಂದ ಕೆಲಸ ಯಾವಾಗ ನಡೆಯುತ್ತದೆ ಅನ್ನುವುದು ನಮ್ಮ ಕೈ ತಪ್ಪುತ್ತದೆ, ಥ್ರೆಡ್ ಇರುವುದರಿಂದ ಯಾರು ಮಾಡುತ್ತಾರೆ ಅನ್ನುವುದೂ ಕೈ ತಪ್ಪುತ್ತದೆ. ಇವೆರಡನ್ನೂ ನಾವೇ ಕೂತು ತೀರ್ಮಾನಿಸಿ ಕೋಡ್‌ನಲ್ಲಿ ಬರೆಯಬೇಕು. ಮುಂದೆ ಹೇಳುವುದೆಲ್ಲ ಅದನ್ನು ಮಾಡುವ ರೀತಿ.

ಗೆಟ್‌ಕಂಟೆಂಟ್ಸ್ ಏನು ಮಾಡುತ್ತದೆ

ಗೆಟ್‌ಕಂಟೆಂಟ್ಸ್ ಕರೆದ ತಕ್ಷಣ ವಾಪಸ್ ಬರುತ್ತದೆ. ಒಂದು ಅಕ್ಷರವನ್ನೂ ಓದಿರುವುದಿಲ್ಲ. ನಿಮ್ಮ ಕೈಗೆ ಕೊಟ್ಟಿರುವುದು ಒಂದು ಸ್ಟ್ರಿಂಗ್‌ನ ಟೋಕನ್. ನೀವು ಆ ಸ್ಟ್ರಿಂಗ್ ಮೇಲೆ ನಡೆಯುತ್ತಾ ಹೋದ ಹಾಗೆ, ಹಿಂದಿನಿಂದ ಒಂದೊಂದು ತುತ್ತು ಓದಿಕೊಡುತ್ತದೆ. ಒಳಗೆ ಅನ್‌ಸೇಫ್‌ಇಂಟರ್‌ಲೀವ್‌ಐಒ ಅನ್ನುವ ಫಂಕ್ಷನ್ ಇದೆ, ಹೆಸರಲ್ಲೇ ಎಚ್ಚರಿಕೆ ಇದೆ ನೋಡಿ.

ಹೀಗೇಕೆ ಮಾಡಿದರು ಅಂದರೆ ಅದಕ್ಕೆ ಚರಿತ್ರೆ ಇದೆ. 1990ರಲ್ಲಿ ಹ್ಯಾಸ್ಕೆಲ್‌ನ ಮೊದಲ ವರದಿ ಬಂದಾಗ ಮೊನಾಡ್ (ಇನ್‌ಪುಟ್-ಔಟ್‌ಪುಟ್ ಕೆಲಸಗಳನ್ನು ಒಂದಾದ ಮೇಲೊಂದು ಜೋಡಿಸುವ ರೀತಿ) ಇರಲಿಲ್ಲ. ಇಡೀ ಪ್ರೋಗ್ರಾಂ ಅಂದರೆ ಉತ್ತರಗಳ ಪಟ್ಟಿಯನ್ನು ತೆಗೆದುಕೊಂಡು ಕೋರಿಕೆಗಳ ಪಟ್ಟಿಯನ್ನು ಕೊಡುವ ಒಂದು ಫಂಕ್ಷನ್. ಆ ಪಟ್ಟಿಗಳು ಲೇಜಿ ಆಗಿರದಿದ್ದರೆ ಏನೂ ನಡೆಯುತ್ತಲೇ ಇರಲಿಲ್ಲ. 1996ರಲ್ಲಿ 1.3ನೇ ಆವೃತ್ತಿಗೆ ಮೊನಾಡ್ ಬಂತು, ಥ್ರೆಡ್‌ಗಳ ಬಗೆಗಿನ ಕಾಂಕರೆಂಟ್ ಹ್ಯಾಸ್ಕೆಲ್ ಪ್ರಬಂಧ ಬಂದದ್ದೂ ಅದೇ ವರ್ಷ. ಲೇಜಿ ಓದು ಮಾತ್ರ ಹಳೇ ಮನೆಯ ಬಾಗಿಲ ಹಾಗೆ ಉಳಿದುಕೊಂಡಿತು.

ಚಿಕ್ಕ ಕೆಲಸಕ್ಕೆ ಅದು ಚೆನ್ನಾಗೇ ಇದೆ. ಇಂಟರ‍್ಯಾಕ್ಟ್ ಹಾಕಿ ಅಕ್ಷರಗಳನ್ನೆಲ್ಲ ದೊಡ್ಡದು ಮಾಡುವ ಫಿಲ್ಟರ್ ಬರೆಯುವುದಿದ್ದರೆ, ಒಂದೇ ಇನ್‌ಪುಟ್, ಒಂದೇ ಔಟ್‌ಪುಟ್, ಒಂದೇ ಥ್ರೆಡ್ ಆಗಿದ್ದರೆ, ಧಾರಾಳವಾಗಿ ಬಳಸಿ. ಲೇಜಿ ಐಒ ಕಂಡರೆ ಮೂಗು ಮುರಿಯುವ ಜನ ಜಾಸ್ತಿ ಇದ್ದಾರೆ, ನಾನು ಆ ಗುಂಪಿನವನಲ್ಲ. ಆದರೆ ಎರಡನೇ ಥ್ರೆಡ್, ಎರಡನೇ ಫೈಲ್, ಅಥವಾ ಹ್ಯಾಂಡಲ್ (ತೆರೆದ ಫೈಲಿನ ಹಿಡಿಕೆ) ಮುಚ್ಚುವ ಜವಾಬ್ದಾರಿ, ಈ ಮೂರರಲ್ಲಿ ಒಂದು ಒಳಗೆ ಬಂತು ಅಂದರೆ ಲೇಜಿ ಓದನ್ನು ಹೊರಗೆ ಕಳಿಸಿ.

ಥ್ರೆಡ್ ಇಲ್ಲದೆಯೂ ಇದು ಕೊಡುವ ಕಾಟ ಗೊತ್ತಿರಲಿ. ಲೇಜಿ ಓದು ಶುರುವಾದ ಹ್ಯಾಂಡಲ್ ಅರ್ಧ ಮುಚ್ಚಿದ ಸ್ಥಿತಿಗೆ ಹೋಗುತ್ತದೆ. ವಿತ್‌ಫೈಲ್ ಒಳಗೆ ಹೆಚ್‌ಗೆಟ್‌ಕಂಟೆಂಟ್ಸ್ ಕರೆದು ಸ್ಟ್ರಿಂಗನ್ನು ಹೊರಗೆ ತಂದರೆ, ಹೊರಗೆ ಬರುವಷ್ಟರಲ್ಲಿ ಫೈಲ್ ಮುಚ್ಚಿರುತ್ತದೆ, ಕೈಯಲ್ಲಿ ಟೋಕನ್ ಮಾತ್ರ ಇರುತ್ತದೆ. ಹಳೇ ಜಿಎಚ್‌ಸಿಯಲ್ಲಿ (ಹ್ಯಾಸ್ಕೆಲ್‌ನ ಕಂಪೈಲರ್) ಸದ್ದಿಲ್ಲದೆ ಖಾಲಿ ಸ್ಟ್ರಿಂಗ್ ಸಿಗುತ್ತಿತ್ತು. ಈಗಿನದರಲ್ಲಿ, ಮುಚ್ಚಿದ ಹ್ಯಾಂಡಲ್ ಮೇಲೆ ತಡವಾಗಿ ಓದಲು ಬಂದಿದ್ದೀರಿ ಅಂತ ಎರರ್ ಹೊಡೆಯುತ್ತದೆ, ಅಷ್ಟು ಪುಣ್ಯ. ಇನ್ನೊಂದು: ರೀಡ್‌ಫೈಲ್‌ನಿಂದ ಓದಿ ಅದೇ ಫೈಲ್‌ಗೆ ರೈಟ್‌ಫೈಲ್ ಮಾಡಿದರೆ ಫೈಲ್ ಲಾಕ್ ಆಗಿದೆ ಅನ್ನುತ್ತದೆ. ಯಾಕೆಂದರೆ ಓದು ಇನ್ನೂ ಮುಗಿದಿಲ್ಲ. ಎರಡು ಸಾವಿರ ಫೈಲ್‌ಗಳ ಮೇಲೆ ರೀಡ್‌ಫೈಲ್ ಮ್ಯಾಪ್ ಮಾಡಿ ನೋಡಿ, ಎಲ್ಲವೂ ತೆರೆದುಕೊಂಡು ಕೂರುತ್ತವೆ, ಒಂದೂ ಮುಚ್ಚುವುದಿಲ್ಲ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಒಂದು ಪ್ರೊಸೆಸ್‌ಗೆ 1024 ಫೈಲ್ ಮಿತಿ ಇರುತ್ತದೆ, ಅಲ್ಲಿಗೆ ಬಂದು ಮುಗ್ಗರಿಸುತ್ತದೆ.

ನನ್ನ ಪ್ರೋಗ್ರಾಂ ನಿಂತದ್ದೇಕೆ

ಓದುವ ಥ್ರೆಡ್ ಒಂದೊಂದು ಸಾಲಿಗೂ ಎಂವಾರ್ ತೆರೆದು, ಮ್ಯಾಪ್‌ಗೆ ಇನ್ಸರ್ಟ್‌ವಿತ್ ಮಾಡಿ, ವಾಪಸ್ ಇಡುತ್ತಿತ್ತು. ಹಾಗಂತ ನಾನು ಅಂದುಕೊಂಡಿದ್ದೆ. ನಿಜಕ್ಕೂ ಅದು ಇಡುತ್ತಿದ್ದದ್ದು "ಹಳೇ ಮ್ಯಾಪ್‌ಗೆ ಈ ಸಾಲಿನ ಕೋಡ್ ಸೇರಿಸಬೇಕು" ಅಂತ ಬರೆದ ಟೋಕನ್. ಮುಂದಿನ ಸಾಲಿಗೆ ಆ ಟೋಕನ್ ಮೇಲೆ ಇನ್ನೊಂದು ಟೋಕನ್. ಸಾಲನ್ನು ಒಡೆದು ಕೋಡ್ ಹುಡುಕುವ ಕೆಲಸವನ್ನೂ ಅದು ಮಾಡುತ್ತಿರಲಿಲ್ಲ. ಐದು ಸೆಕೆಂಡಿಗೊಮ್ಮೆ ಎದ್ದು ಬರುವ ತೋರಿಸುವ ಥ್ರೆಡ್, 500ರ ಲೆಕ್ಕ ಎಷ್ಟು ಅಂತ ಕೇಳಿದಾಗ, ಅಲ್ಲಿಯವರೆಗಿನ ಟೋಕನ್‌ಗಳನ್ನೆಲ್ಲ ಒಂದೊಂದಾಗಿ ಬಿಡಿಸುತ್ತಿತ್ತು. ಅದೂ ವಿತ್‌ಎಂವಾರ್ ಒಳಗೆ, ಅಂದರೆ ಬೀಗ ಹಿಡಿದುಕೊಂಡೇ. ಅಷ್ಟು ಹೊತ್ತೂ ಓದುವ ಥ್ರೆಡ್ ಬಾಗಿಲಲ್ಲಿ ಕಾಯಬೇಕು.

ಇದು ಬರೀ ನಿಧಾನ. ನಿಂತುಬಿಡುತ್ತಿದ್ದದ್ದಕ್ಕೆ ಕಾರಣ ಇನ್ನೂ ಮಜವಾಗಿದೆ. ನಾನು ಲಾಗನ್ನು ಬೇಕಾದ ಸಾಲುಗಳನ್ನಷ್ಟೇ ಆರಿಸುವ ಗ್ರೆಪ್ ಮೂಲಕ ಹಾಯಿಸುತ್ತಿದ್ದೆ. ಗ್ರೆಪ್‌ನ ಔಟ್‌ಪುಟ್ ಪೈಪ್‌ಗೆ ಹೋಗುವಾಗ ಸಾಲು ಸಾಲಾಗಿ ಹೋಗುವುದಿಲ್ಲ, ಬಫರ್ ತುಂಬಿದಾಗ ಒಂದು ಗಂಟಾಗಿ ಹೋಗುತ್ತದೆ. ಗಂಟಿನ ಕೊನೆಯಲ್ಲಿ ಸಾಲು ನಡುವೆ ಕತ್ತರಿಸಿರಬಹುದು. ಲೈನ್ಸ್ ಫಂಕ್ಷನ್ ಲೇಜಿ ಆದ್ದರಿಂದ ಸಾಲಿನ ಮೊದಲ ಅಕ್ಷರ ಬಂದರೆ ಸಾಕು, "ಇಲ್ಲೊಂದು ಸಾಲಿದೆ" ಅಂದುಬಿಡುತ್ತದೆ. ಓದುವ ಥ್ರೆಡ್ ಆ ಅರ್ಧ ಸಾಲಿನ ಟೋಕನನ್ನು ಎಂವಾರ್‌ಗೆ ಹಾಕಿ ಮುಂದೆ ಹೋಯಿತು. ತೋರಿಸುವ ಥ್ರೆಡ್ ಅದನ್ನು ಬಿಡಿಸಲು ಹೋದರೆ ಉಳಿದರ್ಧ ಇನ್ನೂ ಬಂದೇ ಇಲ್ಲ. ಗಡಿಯಾರ ನೋಡಿಕೊಂಡು ಲೆಕ್ಕ ಹೇಳಬೇಕಾದ ಥ್ರೆಡ್, ಬೀಗವನ್ನೂ ಹಿಡಿದುಕೊಂಡು, ಸ್ಟ್ಯಾಂಡರ್ಡ್ ಇನ್‌ಪುಟ್ ಮುಂದೆ ಕಾಯುತ್ತಾ ನಿಂತಿತ್ತು! ಕೋಡ್‌ನಲ್ಲಿ ಆ ಥ್ರೆಡ್‌ನ ಹತ್ತಿರ ಇನ್‌ಪುಟ್ ಅನ್ನುವ ಮಾತೇ ಇಲ್ಲ. ಹಾಗಾಗಿಯೇ ನನಗೆ ಎರಡು ರಾತ್ರಿ ಹಿಡಿದದ್ದು.

ಗ್ರೆಪ್‌ಗೆ ಲೈನ್-ಬಫರ್ಡ್ ಆಯ್ಕೆ ಕೊಟ್ಟರೆ ರೋಗಲಕ್ಷಣ ಮಾಯವಾಗುತ್ತದೆ, ರೋಗ ಅಲ್ಲೇ ಇರುತ್ತದೆ.

ಮೆಮೊರಿ ಏರಿದ್ದು ಬೇರೆ ದಾರಿಯಲ್ಲಿ. ನಾನು ಕೇಳುತ್ತಿದ್ದದ್ದು 500ರ ಲೆಕ್ಕ ಮಾತ್ರ. 200ರ ಲೆಕ್ಕ ಯಾರೂ ಕೇಳುತ್ತಿರಲಿಲ್ಲ. ಅದು ಒಂದಕ್ಕೆ ಒಂದು ಕೂಡಿಸು, ಅದಕ್ಕೆ ಒಂದು ಕೂಡಿಸು ಅಂತ ಉದ್ದದ ಸರಪಳಿಯಾಗಿ ಕೂತಿತ್ತು. ಲಕ್ಷ ಸಾಲು ಬಂದರೆ ಲಕ್ಷ ಕೊಂಡಿ.

ಓದುವುದನ್ನು ಸರಿ ಮಾಡಿ

ಮೊದಲ ರಿಪೇರಿ ಬಾಗಿಲಲ್ಲೇ. ಹೊರಗಿನಿಂದ ಬರುವ ಸಾಲು ಒಳಗೆ ಕಾಲಿಡುವಾಗ ಪೂರ್ತಿ ಸಾಲಾಗಿಯೇ ಬರಬೇಕು. ಡೇಟಾ ಟೆಕ್ಸ್ಟ್ ಐಒ ಮಾಡ್ಯೂಲ್‌ನ ಗೆಟ್‌ಲೈನ್ ಬಳಸಿ, ಅಥವಾ ಬೈಟ್‌ಸ್ಟ್ರಿಂಗ್‌ನ ಗೆಟ್‌ಲೈನ್. ಇವು ಸಾಲು ಮುಗಿಯುವವರೆಗೆ ಕಾಯುತ್ತವೆ, ಕಾಯುವುದು ಕರೆದ ಥ್ರೆಡ್ಡೇ. ಇನ್‌ಪುಟ್ ಮುಗಿಯಿತೇ ಅಂತ ಇಸ್‌ಇಒಎಫ್ ಕೇಳಿ, ಇಲ್ಲ ಅಂದರೆ ಒಂದು ಸಾಲು ಓದಿ, ಕೆಲಸ ಮಾಡಿ, ಮತ್ತೆ ಸುತ್ತು. ನೋಡಲು ಸಿ ಭಾಷೆಯ ಹಾಗೆ ಕಾಣುತ್ತದೆ, ಫಂಕ್ಷನಲ್ ಸೊಗಸು ಎಲ್ಲಿ ಹೋಯಿತು ಅನಿಸುತ್ತದೆ, ಪರವಾಗಿಲ್ಲ. ಒಳಗಿನ ಲೆಕ್ಕ ಪ್ಯೂರ್ (ಹೊರಗಿನದೇನನ್ನೂ ಮುಟ್ಟದ್ದು) ಆಗಿಯೇ ಇರುತ್ತದಲ್ವಾ.

ಇಡೀ ಫೈಲ್ ಒಂದೇ ಸಲ ಬೇಕು, ಫೈಲ್ ದೊಡ್ಡದೂ ಅಲ್ಲ ಅಂದರೆ ಟೆಕ್ಸ್ಟ್ ಅಥವಾ ಬೈಟ್‌ಸ್ಟ್ರಿಂಗ್‌ನ ಸ್ಟ್ರಿಕ್ಟ್ (ಲೇಜಿ ಅಲ್ಲದ, ಆಗಲೇ ಓದುವ) ರೀಡ್‌ಫೈಲ್ ಸಾಕು. ಸ್ಟ್ರಿಂಗೇ ಬೇಕು ಅನ್ನುವವರಿಗೆ ಜಿಎಚ್‌ಸಿ ಜೊತೆಗೇ ಬರುವ ಬೇಸ್ ಲೈಬ್ರರಿಯ 4.15ರಿಂದ, ಅಂದರೆ ಜಿಎಚ್‌ಸಿ 9.0ರಿಂದ, ಹೆಸರಿನ ಕೊನೆಗೆ ಪ್ರೈಮ್ ಚಿಹ್ನೆ ಇರುವ ರೀಡ್‌ಫೈಲ್ ಮತ್ತು ಗೆಟ್‌ಕಂಟೆಂಟ್ಸ್ ಇವೆ. ಅವು ಪೂರ್ತಿ ಓದಿ ಹ್ಯಾಂಡಲ್ ಮುಚ್ಚಿಯೇ ವಾಪಸ್ ಬರುತ್ತವೆ. ದೊಡ್ಡ ಫೈಲ್, ಹಲವು ಹಂತದ ಸಂಸ್ಕರಣೆ ಅಂದರೆ ಕಾಂಡ್ಯುಯಿಟ್, ಪೈಪ್ಸ್, ಸ್ಟ್ರೀಮ್‌ಲಿ ಇಂಥ ಲೈಬ್ರರಿಗಳಿವೆ. ನನ್ನ ಪ್ರೋಗ್ರಾಂ ಗಾತ್ರಕ್ಕೆ ಅವು ಬೇಕಿರಲಿಲ್ಲ.

ಹ್ಯಾಸ್ಕೆಲ್‌ನ ಮಾಮೂಲಿ ಸ್ಟ್ರಿಂಗ್ ಕನ್ನಡಕ್ಕಂತೂ ದುಬಾರಿ, ಇದನ್ನು ಹೇಳದೆ ಮುಂದೆ ಹೋಗಲಾರೆ. ಸ್ಟ್ರಿಂಗ್ ಅಂದರೆ ಅಕ್ಷರಗಳ ಲಿಂಕ್ಡ್ ಲಿಸ್ಟ್. 64 ಬಿಟ್ ಯಂತ್ರದಲ್ಲಿ ಒಂದೊಂದು ಕೊಂಡಿಗೆ 24 ಬೈಟ್. ಇಂಗ್ಲಿಷ್ ಅಕ್ಷರಗಳನ್ನು ಜಿಎಚ್‌ಸಿ ಮೊದಲೇ ಮಾಡಿಟ್ಟುಕೊಂಡಿರುತ್ತದೆ, ಅವನ್ನೇ ಹಂಚಿಕೊಳ್ಳುತ್ತದೆ. ಆ ಸೌಲಭ್ಯ ಮೊದಲ 256 ಕೋಡ್‌ಗಳಿಗೆ ಮಾತ್ರ. ಕನ್ನಡ ಅಕ್ಷರಕ್ಕೆ ಇನ್ನೂ 16 ಬೈಟ್ ಸೇರಿ 40 ಆಗುತ್ತದೆ. "ಕನ್ನಡ" ಅನ್ನುವ ಪದದಲ್ಲಿ ಒತ್ತಕ್ಷರ ಮಾಡುವ ವಿರಾಮ ಚಿಹ್ನೆಯೂ ಸೇರಿ ಐದು ಯೂನಿಕೋಡ್ ಸಂಕೇತಗಳಿವೆ. ಯುಟಿಎಫ್-8ನಲ್ಲಿ 15 ಬೈಟ್, ಸ್ಟ್ರಿಂಗ್‌ನಲ್ಲಿ 200. ಕನ್ನಡ ಪಠ್ಯದ ಮೇಲೆ ಕೆಲಸ ಮಾಡುವವರು ಟೆಕ್ಸ್ಟ್ ಬಳಸಿ. ಅದರ 2.0 ಆವೃತ್ತಿಯಿಂದ ಒಳಗೂ ಯುಟಿಎಫ್-8 ಇದೆ.

ಕನ್ನಡ ಓದುವವರು ಇನ್ನೊಂದು ಸಾಲು ಮರೆಯಬೇಡಿ: ಶುರುವಿನಲ್ಲೇ ಹೆಚ್‌ಸೆಟ್‌ಎನ್‌ಕೋಡಿಂಗ್ ಕರೆದು ಇನ್‌ಪುಟ್, ಔಟ್‌ಪುಟ್ ಎರಡಕ್ಕೂ ಯುಟಿಎಫ್-8 ಅಂತ ಹೇಳಿ. ಇಲ್ಲದಿದ್ದರೆ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಓಡಿದ್ದು ಸರ್ವರಿನ ಖಾಲಿ ಲೊಕೇಲ್‌ನಲ್ಲಿ (ಭಾಷೆಯ ಸೆಟ್ಟಿಂಗ್) ಮೊದಲ ಕನ್ನಡ ಅಕ್ಷರಕ್ಕೇ ಬಿದ್ದುಹೋಗುತ್ತದೆ. ಲೇಜಿ ಓದಿನಲ್ಲಿ ಈ ತಪ್ಪು ಓದಿದ ಜಾಗದಲ್ಲಿ ಕಾಣುವುದಿಲ್ಲ. ಟೋಕನ್ ಯಾರು ಬಿಡಿಸಿದರೋ ಆ ಥ್ರೆಡ್‌ನಲ್ಲಿ ಸ್ಫೋಟ.

ಒಂದು ಚಿಕ್ಕ ಮುಳ್ಳು. ಟೆಕ್ಸ್ಟ್ ಅಥವಾ ಬೈಟ್‌ಸ್ಟ್ರಿಂಗ್‌ನಿಂದ ತುಂಡು ಕತ್ತರಿಸಿದರೆ ಅದು ಹೊಸ ನಕಲಲ್ಲ, ಮೂಲ ಸಾಲಿನ ಮೇಲಿನ ಕಿಟಕಿ ಅಷ್ಟೇ. ಮೂರಕ್ಷರದ "500" ಅನ್ನು ಮ್ಯಾಪ್‌ನ ಕೀ ಮಾಡಿ ಇಟ್ಟರೆ ಅದರ ಹಿಂದೆ ಇಡೀ ಸಾಲು ಮೆಮೊರಿಯಲ್ಲಿ ನೇತಾಡುತ್ತದೆ. ಇಟ್ಟುಕೊಳ್ಳುವ ಮುಂಚೆ ಕಾಪಿ ಫಂಕ್ಷನ್ ಕರೆಯಿರಿ, ಅಥವಾ ಸಂಖ್ಯೆಯಾಗಿ ಮಾರ್ಪಡಿಸಿ.

ಥ್ರೆಡ್ ಬಗ್ಗೆ ಗೊತ್ತಿರಬೇಕಾದಷ್ಟು

ಫೋರ್ಕ್‌ಐಒ ಕೊಡುವುದು ಆಪರೇಟಿಂಗ್ ಸಿಸ್ಟಂನ ಥ್ರೆಡ್ ಅಲ್ಲ. ಜಿಎಚ್‌ಸಿಯ ರನ್‌ಟೈಮ್ ತಾನೇ ನೋಡಿಕೊಳ್ಳುವ ಹಗುರ ಥ್ರೆಡ್. ಶುರುವಿನ ಸ್ಟ್ಯಾಕ್ ಸುಮಾರು ಒಂದು ಕಿಲೋಬೈಟ್. ಹತ್ತು ಸಾವಿರ ಹುಟ್ಟಿಸಿದರೂ ಬೆವರುವುದಿಲ್ಲ. ಒಂದು ಸಾಕೆಟ್‌ಗೆ ಒಂದು ಥ್ರೆಡ್, ಒಂದು ಟೈಮರ್‌ಗೆ ಒಂದು ಥ್ರೆಡ್ ಅಂತ ಧಾರಾಳವಾಗಿ ಬರೆಯುವುದು ಇದಕ್ಕೇ. (ಬೆಂಗಳೂರಿನಲ್ಲಿ ನಾವು ಆಟೋ ಕರೆಯುವ ನಮ್ಮ ಯಾತ್ರಿ ಆಪ್‌ನ ಬ್ಯಾಕೆಂಡ್ ಹ್ಯಾಸ್ಕೆಲ್‌ನಲ್ಲಿದೆ, ಕೋಡ್ ಎಲ್ಲರಿಗೂ ತೆರೆದಿದೆ. ದೊಡ್ಡ ಕೋಡ್ ಹೇಗಿರುತ್ತದೆ ಅಂತ ನೋಡಬೇಕಿದ್ದರೆ ಹೋಗಿ ಓದಿ.)

ಆದರೆ -ಥ್ರೆಡೆಡ್ ಫ್ಲ್ಯಾಗ್ ಹಾಕಿ ಕಂಪೈಲ್ ಮಾಡದಿದ್ದರೆ ಇವೆಲ್ಲ ಒಂದೇ ಓಎಸ್ ಥ್ರೆಡ್ ಮೇಲೆ ಓಡುತ್ತವೆ. ಆಗ ಯಾವುದೋ ಸಿ ಲೈಬ್ರರಿಯ ಕರೆ ತಡವಾದರೆ ಎಲ್ಲರೂ ನಿಲ್ಲಬೇಕು. ಫ್ಲ್ಯಾಗ್ ಹಾಕಿಬಿಡಿ. ಎಷ್ಟು ಕೋರ್ ಬಳಸಬೇಕು ಅನ್ನುವುದನ್ನು ಓಡಿಸುವಾಗ ಆರ್‌ಟಿಎಸ್‌ನ (ಅದೇ ರನ್‌ಟೈಮ್) -ಎನ್ ಆಯ್ಕೆಯಲ್ಲಿ ಹೇಳಿ. ನನ್ನ ಲಾಗ್ ಎಣಿಸುವ ಪ್ರೋಗ್ರಾಂಗೆ ಒಂದು ಕೋರ್ ಸಾಕು.

ನನ್ನ ಮೂರನೇ ಕಾಯಿಲೆಗೆ ಬರೋಣ, ಕೊನೆಯ ಲೆಕ್ಕ ಬರದೇ ಇದ್ದದ್ದು. ಮೇನ್, ಅಂದರೆ ಪ್ರೋಗ್ರಾಂ ಶುರುವಾಗುವ ಮುಖ್ಯ ಥ್ರೆಡ್, ಮುಗಿದರೆ ಪ್ರೋಗ್ರಾಂ ಮುಗಿಯಿತು, ಉಳಿದ ಥ್ರೆಡ್‌ಗಳು ಏನು ಮಾಡುತ್ತಿದ್ದರೂ ಸತ್ತವು. ಕೊನೆಯ ಲೆಕ್ಕ ಬರೆಯುವ ಕೆಲಸವನ್ನು ನಾನು ಮಗ ಥ್ರೆಡ್‌ಗೆ ಕೊಟ್ಟಿದ್ದೆ, ಮೇನ್ ಲಾಗ್ ಮುಗಿದ ತಕ್ಷಣ ಮನೆಗೆ ಹೋಗುತ್ತಿತ್ತು. ಇದರ ತಿರುಗುಮುರುಗು ಇನ್ನೂ ಕೆಟ್ಟದು: ಫೋರ್ಕ್‌ಐಒ ಮಾಡಿದ ಥ್ರೆಡ್‌ನಲ್ಲಿ ಎಕ್ಸೆಪ್ಷನ್ ಬಿದ್ದರೆ ಎರರ್ ಔಟ್‌ಪುಟ್‌ನಲ್ಲಿ ಒಂದು ಸಾಲು ಬರುತ್ತದೆ, ಹುಟ್ಟಿಸಿದವರಿಗೆ ಸುದ್ದಿ ಹೋಗುವುದಿಲ್ಲ. ಓದುವವನು ಸತ್ತಿದ್ದಾನೆ, ಎಣಿಸುವವನು ಇನ್ನೂ ಕಾಯುತ್ತಿದ್ದಾನೆ.

ಹಾಗಾಗಿ ಬರೀ ಫೋರ್ಕ್‌ಐಒ ಬಳಸುವುದನ್ನು ಬಿಟ್ಟು ಸೈಮನ್ ಮಾರ್ಲೋ ಬರೆದ ಅಸಿಂಕ್ ಲೈಬ್ರರಿ ಬಳಸಿ. ವಿತ್‌ಅಸಿಂಕ್ ಹಾಕಿದರೆ ಆ ಬ್ಲಾಕ್‌ನಿಂದ ಹೊರಗೆ ಬರುವಾಗ ಮಗ ಥ್ರೆಡ್ ತಾನಾಗೇ ನಿಲ್ಲುತ್ತದೆ. ಕಾಂಕರೆಂಟ್ಲಿ ಹಾಕಿದರೆ ಇಬ್ಬರೂ ಮುಗಿಯುವವರೆಗೆ ಕಾಯುತ್ತದೆ, ಒಬ್ಬ ಬಿದ್ದರೆ ಇನ್ನೊಬ್ಬನನ್ನು ನಿಲ್ಲಿಸಿ ತಪ್ಪನ್ನು ಮೇಲಕ್ಕೆ ತರುತ್ತದೆ. ರೇಸ್ ಅಂದರೆ ಮೊದಲು ಮುಗಿಸಿದವನು ಗೆದ್ದ, ಇನ್ನೊಬ್ಬ ಔಟ್. ನನ್ನ ಅನುಭವದಲ್ಲಿ ಹತ್ತಕ್ಕೆ ಒಂಬತ್ತು ಸಲ ಈ ಮೂರರಲ್ಲೇ ಕೆಲಸ ಮುಗಿಯುತ್ತದೆ.

ದೋಸೆ ಕೊಡಿ, ಟೋಕನ್ ಕೊಡಬೇಡಿ

ಒಂದು ಥ್ರೆಡ್‌ನಿಂದ ಇನ್ನೊಂದಕ್ಕೆ ಏನು ಕಳಿಸಿದರೂ, ಎಂವಾರ್ ಇರಲಿ, ಚಾನೆಲ್ ಇರಲಿ, ಟಿವಾರ್ (ಥ್ರೆಡ್‌ಗಳು ಹಂಚಿಕೊಳ್ಳುವ ಇನ್ನೊಂದು ಬಗೆಯ ಡಬ್ಬಿ) ಇರಲಿ, ಪೂರ್ತಿ ಬೇಯಿಸಿ ಕಳಿಸಿ. ಪುಟ್‌ಎಂವಾರ್ ಒಳಗಿನ ಬೆಲೆಯನ್ನು ಮುಟ್ಟಿಯೂ ನೋಡುವುದಿಲ್ಲ. ಟೋಕನ್ ಕೊಟ್ಟರೆ ಟೋಕನ್ನೇ ಇಡುತ್ತದೆ.

ಬೇಯಿಸುವುದಕ್ಕೆ ಸುಲಭದ್ದು ಇವ್ಯಾಲ್ಯುಯೇಟ್. ಕಳಿಸುವ ಮುಂಚೆ ಆ ಬೆಲೆಯ ಮೇಲೆ ಕರೆದರೆ ಕರೆದ ಥ್ರೆಡ್‌ನಲ್ಲೇ, ಆ ಕ್ಷಣದಲ್ಲೇ ಲೆಕ್ಕ ಆಗುತ್ತದೆ. ರಿಟರ್ನ್ ಜೊತೆ $! ಹಾಕಿದರೂ ಸರಿಸುಮಾರು ಅದೇ. ಆದರೆ ಇವೆರಡೂ ಮೇಲಿನ ಪದರ ಮಾತ್ರ ಬೇಯಿಸುತ್ತವೆ, ಪುಸ್ತಕದ ಭಾಷೆಯಲ್ಲಿ ವೀಕ್ ಹೆಡ್ ನಾರ್ಮಲ್ ಫಾರ್ಮ್. ಸಂಖ್ಯೆಗೆ ಅಷ್ಟು ಸಾಕು. ಜೋಡಿ, ಪಟ್ಟಿ, ರೆಕಾರ್ಡ್‌ಗಳಿಗೆ ಸಾಲದು. ಊಟದ ತಟ್ಟೆ ಬಂದಿರುತ್ತದೆ, ಬಟ್ಟಲುಗಳಲ್ಲಿ ಸಾರಿನ ಬದಲು "ಸಾರು" ಅಂತ ಬರೆದ ಚೀಟಿ ಇರುತ್ತದೆ. ಪೂರ್ತಿ ಊಟ ಬೇಕು ಅಂದರೆ ಡೀಪ್‌ಸೀಕ್ ಲೈಬ್ರರಿಯ ಫೋರ್ಸ್ ಬೇಕು, ನಿಮ್ಮ ಟೈಪ್‌ಗೆ ಎನ್‌ಎಫ್‌ಡೇಟಾ ಇನ್‌ಸ್ಟನ್ಸ್ ಬರೆಯಬೇಕು.

ಫೋರ್ಸನ್ನು ಸಿಕ್ಕ ಕಡೆಯೆಲ್ಲ ಚೆಲ್ಲಬೇಡಿ. ಹತ್ತು ಸಾವಿರ ಕೀಗಳ ಮ್ಯಾಪ್‌ಗೆ ಒಂದು ಸೇರಿಸಿ ಪ್ರತಿ ಸಲ ಫೋರ್ಸ್ ಮಾಡಿದರೆ ಪ್ರತಿ ಸಲ ಹತ್ತು ಸಾವಿರವನ್ನೂ ಸುತ್ತಿ ಬರುತ್ತದೆ. ಅದಕ್ಕಿಂತ ಟೈಪನ್ನೇ ಸರಿ ಮಾಡುವುದು ಒಳ್ಳೆಯದು. ರೆಕಾರ್ಡ್‌ನ ಫೀಲ್ಡ್‌ಗಳಿಗೆ ಆಶ್ಚರ್ಯಚಿಹ್ನೆ ಹಾಕಿ ಸ್ಟ್ರಿಕ್ಟ್ ಮಾಡಿ. ಮ್ಯಾಪ್‌ಗೆ ಡೇಟಾ ಮ್ಯಾಪ್ ಸ್ಟ್ರಿಕ್ಟ್ ಮಾಡ್ಯೂಲ್ ಇಂಪೋರ್ಟ್ ಮಾಡಿ, ಅದರ ಇನ್ಸರ್ಟ್‌ವಿತ್ ಲೆಕ್ಕವನ್ನು ಆಗಲೇ ಮಾಡಿ ಇಡುತ್ತದೆ. ಆಗ ಮೇಲಿನ ಪದರ ಬೇಯಿಸಿದರೆ ಒಳಗೂ ಬೆಂದಿರುತ್ತದೆ. ಟಿವಾರ್‌ಗೆ ಮಾಡಿಫೈ ಅಲ್ಲ, ಪ್ರೈಮ್ ಇರುವ ಮಾಡಿಫೈ. ಎಂವಾರ್‌ನ ಮಾಡಿಫೈಗೆ ಬೇಸ್ ಲೈಬ್ರರಿಯಲ್ಲಿ ಅಂಥ ಸ್ಟ್ರಿಕ್ಟ್ ಜೋಡಿ ಇಲ್ಲ, ಒಳಗೆ ನಾವೇ $! ಹಾಕಬೇಕು. ನಾನು ಮರೆತದ್ದು ಇದನ್ನೇ.

ಒಂದು ಇನ್‌ಪುಟ್‌ಗೆ ಒಬ್ಬ, ಲೆಕ್ಕಕ್ಕೆ ಒಬ್ಬ

ಈಗ ಇಡೀ ಪ್ರೋಗ್ರಾಂ ಮತ್ತೆ ಕಟ್ಟೋಣ. ನಾನು ಎಂವಾರನ್ನೇ ಕಿತ್ತುಹಾಕಿದೆ. ಹೊರಗಿನಿಂದ ಬರುವ ಸುದ್ದಿಗೆಲ್ಲ ಒಂದು ಟೈಪ್ ಮಾಡಿದೆ: ಒಂದು ಸಾಲಿನ ಕೋಡ್ ಬಂತು, ಐದು ಸೆಕೆಂಡ್ ಆಯಿತು, ಇನ್‌ಪುಟ್ ಮುಗಿಯಿತು. ಮೂರೇ ಕನ್‌ಸ್ಟ್ರಕ್ಟರ್. ಒಂದು ಥ್ರೆಡ್ ಸಾಲು ಓದಿ, ಒಡೆದು, ಕೋಡನ್ನು ಸಂಖ್ಯೆ ಮಾಡಿ, ಬೇಯಿಸಿ ಕ್ಯೂಗೆ ಹಾಕುತ್ತದೆ. ಇನ್ನೊಂದು ಥ್ರೆಡ್ ಥ್ರೆಡ್‌ಡಿಲೇ ಕರೆದು ಟಿಕ್ ಹಾಕುತ್ತದೆ. ಅದರ ಲೆಕ್ಕ ಮೈಕ್ರೊಸೆಕೆಂಡ್‌ನಲ್ಲಿ, ಐದು ಸೆಕೆಂಡ್ ಅಂದರೆ 5000000. ಬರೀ 5 ಬರೆದು ಸಿಪಿಯು ಫ್ಯಾನ್ ಕೂಗಿಸದವರು ಯಾರೂ ಇಲ್ಲ. ಮೇನ್ ಥ್ರೆಡ್ ಕ್ಯೂನಿಂದ ಒಂದೊಂದೇ ಸುದ್ದಿ ತೆಗೆದು ಮ್ಯಾಪನ್ನು ಲೂಪಿನ ಆರ್ಗ್ಯುಮೆಂಟ್ ಆಗಿ ಹೊತ್ತು ಸಾಗುತ್ತದೆ, ಆ ಆರ್ಗ್ಯುಮೆಂಟ್‌ಗೆ ಬ್ಯಾಂಗ್ ಪ್ಯಾಟರ್ನ್ (ಪ್ರತಿ ಸುತ್ತಿಗೂ ಬೇಯಿಸು ಅನ್ನುವ ಆಶ್ಚರ್ಯಚಿಹ್ನೆ). ಮ್ಯಾಪ್ ಮುಟ್ಟುವವನು ಒಬ್ಬನೇ, ಹಾಗಾಗಿ ಬೀಗವೇ ಬೇಡ. ಕೊನೆಯ ಲೆಕ್ಕ ಬರೆಯುವವನೂ ಮೇನ್, ಹಾಗಾಗಿ ಅದು ಕಳೆದುಹೋಗುವುದಿಲ್ಲ.

ಹಲವು ಇನ್‌ಪುಟ್‌ಗಳನ್ನು ಒಂದೇ ಲೇಜಿ ಪಟ್ಟಿಯಾಗಿ ಹೆಣೆದುಕೊಡುವ ಮರ್ಜ್‌ಐಒ ಅನ್ನುವ ಫಂಕ್ಷನ್ ಹಿಂದೆ ಬೇಸ್ ಲೈಬ್ರರಿಯಲ್ಲೇ ಇತ್ತು, ಆಮೇಲೆ ತೆಗೆದುಹಾಕಿದರು. ಗೆಟ್‌ಚಾನ್‌ಕಂಟೆಂಟ್ಸ್ ಇನ್ನೂ ಇದೆ. ಚಾನೆಲ್‌ನಲ್ಲಿ ಬರುವುದನ್ನೆಲ್ಲ ಲೇಜಿ ಪಟ್ಟಿಯಾಗಿ ತೋರಿಸುತ್ತದೆ, ಮೇಲೆ ಫೋಲ್ಡ್ ಹಾಕಿದರೆ ಕೋಡ್ ನೋಡಲು ತುಂಬಾ ಚೆಂದ. ಆದರೆ ಅದೂ ಗೆಟ್‌ಕಂಟೆಂಟ್ಸ್‌ನ ತಮ್ಮನೇ. ಆ ಪಟ್ಟಿ ಯಾರ ಕೈಗೆ ಹೋದರೂ ಅವರು ಚಾನೆಲ್ ಮುಂದೆ ಕಾಯಬಹುದು. ನಾನು ಬಳಸುವುದಿಲ್ಲ.

ಕ್ಯೂ ಯಾವುದು ಅನ್ನುವುದು ಮುಖ್ಯ. ಮಾಮೂಲಿ ಚಾನ್‌ಗೆ ಮಿತಿಯೇ ಇಲ್ಲ. ಓದುವವನು ಚುರುಕು, ಎಣಿಸುವವನು ನಿಧಾನ ಆದರೆ ಕ್ಯೂ ಬೆಳೆಯುತ್ತಾ ಮೆಮೊರಿ ತಿನ್ನುತ್ತದೆ. ಲೇಜಿ ಓದಿನಲ್ಲಿದ್ದ ಒಂದು ಒಳ್ಳೇ ಗುಣವನ್ನು ಇಲ್ಲಿ ಕಳೆದುಕೊಳ್ಳುತ್ತೇವೆ ನೋಡಿ, ಅಲ್ಲಿ ತಿನ್ನುವವನು ಕೇಳಿದಷ್ಟೇ ಓದುತ್ತಿತ್ತು. ಅದನ್ನು ವಾಪಸ್ ತರುವುದು ಎಸ್‌ಟಿಎಂ (ಹಂಚಿಕೊಂಡ ಮೆಮೊರಿಯನ್ನು ವ್ಯವಹಾರಗಳ ಮೂಲಕ ಮುಟ್ಟುವ ರೀತಿ) ಕೊಡುವ ಟಿಬಿಕ್ಯೂ, ಅಂದರೆ ಮಿತಿಯಿರುವ ಕ್ಯೂ. ಮಾಡುವಾಗಲೇ ಗಾತ್ರ ಹೇಳಬೇಕು, ನಾನು 1000 ಇಟ್ಟಿದ್ದೇನೆ. ತುಂಬಿದರೆ ಹಾಕುವವನು ಕಾಯುತ್ತಾನೆ. ಅವನು ಓದುವುದನ್ನು ನಿಲ್ಲಿಸಿದರೆ ಪೈಪ್ ತುಂಬುತ್ತದೆ, ಲಿನಕ್ಸ್‌ನಲ್ಲಿ ಪೈಪ್‌ಗೆ ಮಾಮೂಲಾಗಿ 64 ಕಿಲೋಬೈಟ್ ಜಾಗ. ಅದೂ ತುಂಬಿದರೆ ಆ ಕಡೆಯ ಗ್ರೆಪ್ ಕೂಡ ನಿಲ್ಲುತ್ತದೆ. ಒತ್ತಡ ಹಿಂದಕ್ಕೆ ಹಿಂದಕ್ಕೆ ಹೋಗಿ ಮೂಲಕ್ಕೇ ಮುಟ್ಟುತ್ತದೆ, ಯಾರ ಮೆಮೊರಿಯೂ ಒಡೆಯುವುದಿಲ್ಲ.

ಇದರಲ್ಲೂ ಒಂದು ಕೊರತೆ ಇದೆ. ಕ್ಯೂ ತುಂಬಿದ್ದಾಗ ಟಿಕ್ ಕೂಡ ಸಾಲಿನಲ್ಲೇ ನಿಲ್ಲಬೇಕು, ಐದು ಸೆಕೆಂಡಿನ ಲೆಕ್ಕ ಏಳನೇ ಸೆಕೆಂಡಿಗೆ ಬರಬಹುದು. ನನಗೆ ಪರವಾಗಿಲ್ಲ. ನಿಮಗೆ ಪರವಾ ಇದ್ದರೆ ಟಿಕ್‌ಗೆ ಬೇರೆ ಟಿಎಂವಾರ್ (ಎಸ್‌ಟಿಎಂನ ಎಂವಾರ್) ಇಡಿ, ಮೇನ್‌ನಲ್ಲಿ ಟಿಕ್ ತೆಗೆದುಕೊಳ್ಳುವ ವ್ಯವಹಾರ ಮೊದಲು, ಆಮೇಲೆ ಆರ್‌ಎಲ್ಸ್, ಆಮೇಲೆ ಕ್ಯೂನಿಂದ ತೆಗೆದುಕೊಳ್ಳುವ ವ್ಯವಹಾರ. ಟಿಕ್ ಇದ್ದರೆ ಅದನ್ನು ತೆಗೆದುಕೋ, ಇಲ್ಲದಿದ್ದರೆ ಸಾಲು, ಎರಡೂ ಇಲ್ಲದಿದ್ದರೆ ಯಾವುದಾದರೂ ಬರುವವರೆಗೆ ಮಲಗು. ಒಂದೇ ಸಾಲಿನ ಕೋಡ್. ಎಂವಾರ್‌ಗಳಲ್ಲಿ ಇದನ್ನು ಬರೆಯಲು ಹೋಗಿ ನೋಡಿ, 2005ರಲ್ಲಿ ಎಸ್‌ಟಿಎಂ ತಂದವರಿಗೆ ಮನಸ್ಸಲ್ಲೇ ಕೈ ಮುಗಿಯುತ್ತೀರಿ.

"ಇನ್‌ಪುಟ್ ಮುಗಿಯಿತು" ಅನ್ನುವ ಸುದ್ದಿಯನ್ನು ಕ್ಯೂನಲ್ಲೇ ಕಳಿಸುವುದು ಬೇಕೇ ಬೇಕು. ಓದುವ ಥ್ರೆಡ್ ಮುಗಿದದ್ದನ್ನು ನೋಡಿ ಮೇನ್ ಹೊರಟರೆ ಕ್ಯೂನಲ್ಲಿ ಉಳಿದ ಸಾಲುಗಳು ಅನಾಥ. ಸುದ್ದಿ ಕ್ಯೂನ ಕೊನೆಯಲ್ಲಿ ಬಂದರೆ ಅದಕ್ಕಿಂತ ಮುಂಚಿನವೆಲ್ಲ ಎಣಿಸಿ ಆಗಿರುತ್ತವೆ. ಓದುವವನೇ ತಪ್ಪಿನಿಂದ ಸತ್ತರೆ ಸುದ್ದಿ ಬರುವುದಿಲ್ಲ, ಅದಕ್ಕೆ ವಿತ್‌ಅಸಿಂಕ್ ಒಳಗೆ ಲಿಂಕ್ ಕರೆದು ಅವನ ತಪ್ಪು ಮೇನ್‌ಗೆ ಬಡಿಯುವ ಹಾಗೆ ಮಾಡಿ.

ಉಳಿದ ಚಿಲ್ಲರೆ

ಎರಡು ಥ್ರೆಡ್ ಪುಟ್‌ಸ್ಟ್ರ್‌ಲೈನ್ ಮಾಡಿದರೆ ಸಾಲುಗಳು ಕಲಸಿಹೋಗಬಹುದು. ಬಫರಿಂಗ್ ಇಲ್ಲದಿದ್ದರೆ ಅಕ್ಷರಕ್ಕೆ ಅಕ್ಷರವೇ ಹೆಣೆದುಕೊಂಡು ಬರುತ್ತದೆ, ಮೊದಲ ಸಲ ನೋಡಿದಾಗ ನಗು ಬರುತ್ತದೆ. ಮುದ್ರಿಸುವ ಕೆಲಸ ಒಬ್ಬನಿಗೇ ಕೊಡಿ. ಮೇಲಿನ ವಿನ್ಯಾಸದಲ್ಲಿ ಅದು ಮೇನ್, ಹಾಗಾಗಿ ಸಮಸ್ಯೆ ಹುಟ್ಟಲೇ ಇಲ್ಲ. ಔಟ್‌ಪುಟ್ ಪೈಪ್‌ಗೆ ಹೋಗುತ್ತಿದ್ದರೆ ಹೆಚ್‌ಸೆಟ್‌ಬಫರಿಂಗ್ ಹಾಕಿ ಲೈನ್‌ಬಫರಿಂಗ್ ಮಾಡಿ, ಇಲ್ಲದಿದ್ದರೆ ಗ್ರೆಪ್ ನಿಮಗೆ ಮಾಡಿದ್ದನ್ನೇ ನೀವು ಮುಂದಿನವರಿಗೆ ಮಾಡುತ್ತೀರಿ.

ಓದುತ್ತಾ ಕಾಯುತ್ತಿರುವ ಥ್ರೆಡ್ಡನ್ನು ನಿಲ್ಲಿಸಬೇಕೆಂದು ಇನ್ನೊಂದು ಥ್ರೆಡ್‌ನಿಂದ ಹೆಚ್‌ಕ್ಲೋಸ್ ಕರೆಯಬೇಡಿ. ಓದುವವನು ಹ್ಯಾಂಡಲ್‌ನ ಬೀಗ ಹಿಡಿದಿರುತ್ತಾನೆ, ಮುಚ್ಚಲು ಬಂದವನೂ ಅಲ್ಲೇ ಸಿಕ್ಕಿಕೊಳ್ಳುತ್ತಾನೆ. ಕ್ಯಾನ್ಸಲ್ ಕರೆದು ಓದುವ ಥ್ರೆಡ್ಡನ್ನೇ ನಿಲ್ಲಿಸಿ, ಆಮೇಲೆ ಮುಚ್ಚಿ.

"ಥ್ರೆಡ್ ಎಂವಾರ್‌ನಲ್ಲಿ ಶಾಶ್ವತವಾಗಿ ಸಿಕ್ಕಿಕೊಂಡಿದೆ" ಅನ್ನುವ ಅರ್ಥದ ಎಕ್ಸೆಪ್ಷನ್ ಬಂದರೆ ಹೆದರಬೇಡಿ, ಅದು ಉಪಕಾರ. ಆ ಎಂವಾರ್ ಇನ್ಯಾರ ಕೈಯಲ್ಲೂ ಇಲ್ಲ, ಯಾರೂ ತುಂಬಲಾರರು ಅಂತ, ಬೇಡದ ಮೆಮೊರಿ ಗುಡಿಸುವ ಗಾರ್ಬೇಜ್ ಕಲೆಕ್ಟರ್ ಕಂಡುಹಿಡಿದು ಹೇಳುತ್ತಿದೆ. ಆದರೆ ಇದನ್ನೇ ನಂಬಿ ಕೂರಬೇಡಿ, ಎಲ್ಲ ಡೆಡ್‌ಲಾಕ್‌ಗಳನ್ನೂ (ಒಬ್ಬರಿಗೊಬ್ಬರು ಕಾಯುತ್ತಾ ನಿಂತುಬಿಡುವುದು) ಅದು ಹಿಡಿಯುವುದಿಲ್ಲ. ಇನ್ನು ಒಂದು ಥ್ರೆಡ್ ಮೆಮೊರಿಯನ್ನೇ ಕೇಳದೆ ಬರೀ ಸಂಖ್ಯೆಗಳನ್ನು ತಿರುಗಿಸುವ ಬಿಗಿ ಲೂಪಿನಲ್ಲಿದ್ದರೆ ಅದನ್ನು ನಿಲ್ಲಿಸಲೂ ಆಗುವುದಿಲ್ಲ, ಯಾಕೆಂದರೆ ಜಿಎಚ್‌ಸಿ ಥ್ರೆಡ್ ಬದಲಿಸುವುದು ಮೆಮೊರಿ ಕೇಳುವ ಜಾಗದಲ್ಲಿ. ಅಪರೂಪ, ಆದರೆ ಸಿಕ್ಕಿದಾಗ -ಎಫ್‌ನೋ-ಒಮಿಟ್-ಯೀಲ್ಡ್ಸ್ ಫ್ಲ್ಯಾಗ್ ನೆನಪಿರಲಿ.

ಪರೀಕ್ಷೆ ಮಾಡುವಾಗ ಫೈಲ್ ಕೊಟ್ಟು ನೋಡಿದರೆ ಸಾಲದು, ನಾನು ಮೋಸ ಹೋದದ್ದೇ ಅಲ್ಲಿ. ಫೈಲ್‌ನಿಂದ ಎಲ್ಲವೂ ಒಂದೇ ಉಸಿರಿಗೆ ಬರುತ್ತದೆ. ಶೆಲ್‌ನಲ್ಲಿ ಪ್ರಿಂಟ್‌ಎಫ್ ಹಾಕಿ ಅರ್ಧ ಸಾಲು ಕಳಿಸಿ, ಹತ್ತು ಸೆಕೆಂಡ್ ಸ್ಲೀಪ್ ಕೊಟ್ಟು ಉಳಿದರ್ಧ ಕಳಿಸಿ. ಆ ಹತ್ತು ಸೆಕೆಂಡಿನಲ್ಲಿ ಐದು ಸೆಕೆಂಡಿನ ಲೆಕ್ಕ ಬಂದೇ ಬರಬೇಕು. ಆಮೇಲೆ ಕೊನೆಯ ಸಾಲಿಗೆ ಹೊಸಸಾಲಿನ ಚಿಹ್ನೆ ಇಲ್ಲದೆ ಮುಗಿಸಿ ನೋಡಿ, ಖಾಲಿ ಇನ್‌ಪುಟ್ ಕೊಟ್ಟು ನೋಡಿ. ಮೆಮೊರಿಗೆ ಹತ್ತು ಲಕ್ಷ ಸಾಲು ಹರಿಸಿ ಆರ್‌ಟಿಎಸ್‌ನ -ಎಸ್ ಆಯ್ಕೆಯಲ್ಲಿ ಗರಿಷ್ಠ ಬಳಕೆ ನೋಡಿ, ಆಮೇಲೆ ಇಪ್ಪತ್ತು ಲಕ್ಷ ಹರಿಸಿ. ಸಂಖ್ಯೆ ಹೆಚ್ಚುಕಮ್ಮಿ ಅಷ್ಟೇ ಇದ್ದರೆ ಸರಿ. ಎರಡು ಪಟ್ಟು ಆಗಿದ್ದರೆ ಎಲ್ಲೋ ಯಾರದೋ ಜೇಬಿನಲ್ಲಿ ಇನ್ನೂ ಟೋಕನ್ ಉಳಿದಿದೆ.